ಮನೆ ಪತ್ರದಲ್ಲಿ ಸಿಕ್ಕ ಹಳೆಯ ಷರತ್ತು, ಮತ್ತು ಆ 100 ಡಾಲರ್ ಯಾರಿಗೆ ಸೇರಬೇಕು?

ತುಂಗೆಯ_ದಡ (ಸಿಯಾಟಲ್)

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ಮನೆ ಕೊಂಡವರು ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಕಳೆದ ತಿಂಗಳು ಸಿಯಾಟಲ್‌ನ ಉತ್ತರ ಭಾಗದಲ್ಲಿ ಒಂದು ಹಳೆಯ ಮನೆ ಕೊಂಡೆವು. ಮನೆ 1930ರ ಸುಮಾರಿನದು. ಗೃಹಪ್ರವೇಶ ಮುಗಿದು, ಹಾಲು ಉಕ್ಕಿಸಿ, ನೆಂಟರನ್ನೆಲ್ಲ ಕಳಿಸಿದ ಮೇಲೆ ಒಂದು ರಾತ್ರಿ ಕಾಗದಗಳನ್ನು ಜೋಡಿಸಿಡುತ್ತಿದ್ದೆ. ಟೈಟಲ್ ರಿಪೋರ್ಟಿನ (ಆಸ್ತಿಯ ಹಕ್ಕಿನ ವರದಿ) ಕೊನೆಯಲ್ಲಿ ಟೈಪ್‌ರೈಟರ್‌ನಲ್ಲಿ ಹೊಡೆದ ಒಂದು ಹಾಳೆಯ ನಕಲು ಇತ್ತು. ಈ ಜಾಗವನ್ನು ಬಿಳಿಯರಲ್ಲದ ಯಾರಿಗೂ ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ, ಅವರು ಇಲ್ಲಿ ವಾಸ ಮಾಡುವಂತಿಲ್ಲ ಅಂತ ಅದರಲ್ಲಿದೆ. ಒಂದೇ ವಿನಾಯಿತಿ: ಮನೆಕೆಲಸದವರು ಇರಬಹುದು.

ನನ್ನ ಹೆಂಡತಿ ಎರಡು ಸಲ ಓದಿದಳು. "ಅಂದ್ರೆ ಈ ಅಡುಗೆಮನೆಗೆ ನಾನು ಪಾತ್ರೆ ತೊಳೆಯೋಕೆ ಮಾತ್ರ ಬರಬಹುದಿತ್ತು" ಅಂದಳು. ಆ ರಾತ್ರಿ ಇಬ್ಬರಿಗೂ ನಿದ್ದೆ ಬರಲಿಲ್ಲ.

ಎರಡು ಪ್ರಶ್ನೆ ಇದೆ. ಇದನ್ನು ತೆಗೆಸಬಹುದಾ? ಇನ್ನೊಂದು, ನೋಂದಣಿ ಖರ್ಚಿನಲ್ಲಿ 100 ಡಾಲರ್ ಬೇರೆಯಾಗಿ ಹಾಕಿದ್ದಾರೆ. ಕೇಳಿದರೆ, ಇಂಥ ಷರತ್ತಿನಿಂದ ನಷ್ಟ ಆದವರಿಗೆ ಹೋಗುವ ನಿಧಿ ಅಂದರು. ಈ ಹಣ ನಿಜವಾಗಿ ಎಲ್ಲಿಗೆ ಹೋಗುತ್ತದೆ? ಹೋಗಬೇಕಾದವರಿಗೆ ಹೋಗುತ್ತದಾ?

ಜೋಳದ_ರೊಟ್ಟಿ (ಶೋರ್‌ಲೈನ್)

ನಮ್ಮ ಪತ್ರದಲ್ಲೂ ಇದೆ! ಮನೆ ಕೊಂಡು ನಾಲ್ಕು ವರ್ಷ ಆಯ್ತು. ನಿಮ್ಮ ಪೋಸ್ಟ್ ನೋಡಿ ಈಗಷ್ಟೇ ತೆಗೆದು ಓದಿದೆ. ಕೈ ನಡುಗಿತು.

ಹಳೇ_ಕಡತ (ಒಲಿಂಪಿಯಾ)

ತುಂಗೆಯ_ದಡ, ಮೊದಲು ಸಮಾಧಾನ ಮಾಡಿಕೊಳ್ಳಿ. ಆ ಷರತ್ತಿಗೆ ಇವತ್ತು ಯಾವ ಬಲವೂ ಇಲ್ಲ. 1948ರಲ್ಲಿ ಶೆಲ್ಲಿ ವಿರುದ್ಧ ಕ್ರೇಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಅಂದಿತು. ಆದರೆ ಬರೆಯಬೇಡಿ ಅನ್ನಲಿಲ್ಲ. ಹಾಗಾಗಿ ಜನ ಬರೆಯುತ್ತಲೇ ಹೋದರು, ಒಬ್ಬರಿಗೊಬ್ಬರು ಮಾತು ಕೊಟ್ಟುಕೊಂಡು ಪಾಲಿಸುತ್ತಲೂ ಹೋದರು. 1968ರ ಏಪ್ರಿಲ್ 11ರಂದು ಮನೆ ಕೊಡುವಾಗ ಭೇದ ಮಾಡಬಾರದು ಅನ್ನುವ ಫೇರ್ ಹೌಸಿಂಗ್ ಕಾಯ್ದೆ ಬಂದ ಮೇಲೆಯೇ ಅದು ಕಾನೂನಿಗೆ ವಿರುದ್ಧವಾಯಿತು.

ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಇತಿಹಾಸದವರು ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕಡತಗಳನ್ನು ಒಂದೊಂದಾಗಿ ತಿರುವಿ ಈ ವಾಷಿಂಗ್ಟನ್ ರಾಜ್ಯದಲ್ಲಿ 50 ಸಾವಿರಕ್ಕೂ ಹೆಚ್ಚು ಆಸ್ತಿಗಳ ಮೇಲೆ ಇಂಥ ಷರತ್ತು ಹುಡುಕಿದ್ದಾರೆ. ಬೋಯಿಂಗ್ ಕಂಪನಿ ಕಟ್ಟಿದ ವಿಲಿಯಂ ಬೋಯಿಂಗ್ ಸಿಯಾಟಲ್‌ನ ಉತ್ತರಕ್ಕೆ ಮಾರಿದ ಜಮೀನುಗಳಲ್ಲೂ ಇವೆ. ಆಗ ಇದು ಗುಟ್ಟಿನ ಕೆಲಸ ಆಗಿರಲಿಲ್ಲ.

ಈಗ 100 ಡಾಲರ್ ವಿಷಯ. ವಾಷಿಂಗ್ಟನ್ ರಾಜ್ಯ 2023ರಲ್ಲಿ ಕೋವೆನೆಂಟ್ ಹೋಮ್‌ಓನರ್‌ಶಿಪ್ ಕಾಯ್ದೆ ಮಾಡಿತು (ಕೋವೆನೆಂಟ್ ಅಂದರೆ ಪತ್ರದಲ್ಲಿನ ಇಂಥ ಷರತ್ತು). 2024ರ ಜನವರಿಯಿಂದ ಆಸ್ತಿ ಪತ್ರಗಳ ನೋಂದಣಿಗೆ 100 ಡಾಲರ್ ಹೆಚ್ಚುವರಿ ಶುಲ್ಕ. ಆ ವರ್ಷದ ಜುಲೈಯಿಂದ, ಮೊದಲ ಸಲ ಮನೆ ಕೊಳ್ಳುವವರಿಗೆ ಡೌನ್ ಪೇಮೆಂಟಿಗೂ (ಮುಂಗಡ ಹಣ) ಕ್ಲೋಸಿಂಗ್ ಖರ್ಚಿಗೂ (ಖರೀದಿ ಮುಗಿಸುವ ಖರ್ಚು) ಬಡ್ಡಿ ಇಲ್ಲದ ಸಾಲ ಸಿಗುತ್ತಿದೆ. ಎಲ್ಲರಿಗೂ ಅಲ್ಲ. ಅರ್ಜಿ ಹಾಕುವವರು, ಅಥವಾ ಅವರ ತಂದೆತಾಯಿ, ಅಜ್ಜಅಜ್ಜಿ, ಮುತ್ತಜ್ಜ ಮುತ್ತಜ್ಜಿ, ಇವರಲ್ಲಿ ಒಬ್ಬರಾದರೂ 1968ರ ಏಪ್ರಿಲ್‌ಗೆ ಮುಂಚೆ ಈ ರಾಜ್ಯದಲ್ಲಿ ಬದುಕಿದ್ದವರಾಗಿರಬೇಕು. ಆದಾಯದ ಮಿತಿಯೂ ಇದೆ. ಕಪ್ಪು ಜನ, ಹಿಸ್ಪಾನಿಕ್, ಮೂಲನಿವಾಸಿಗಳು, ಪೆಸಿಫಿಕ್ ದ್ವೀಪದವರು, ಕೊರಿಯನ್ನರು ಪಟ್ಟಿಯಲ್ಲಿದ್ದಾರೆ. ಭಾರತೀಯ ಮೂಲದವರೂ ಇದ್ದಾರೆ.

ಹೌದು, ನಾವೂ. ಆದರೆ 1968ಕ್ಕೆ ಮುಂಚೆ ಇಲ್ಲಿ ಯಾರಿದ್ದರು ಹೇಳಿ? ನಮ್ಮ ಪೈಕಿ ಹೆಚ್ಚಿನವರಿಗೆ ಅದು ಸಲ್ಲುವುದಿಲ್ಲ. ಸಲ್ಲಬಾರದು ಕೂಡ.

ಬೆಣ್ಣೆನಗರಿ (ಬೆಲ್‌ವ್ಯೂ)

ಬೇಜಾರು ಮಾಡಿಕೊಳ್ಳಬೇಡಿ, ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ನಾನು ಈ ದೇಶಕ್ಕೆ ಬಂದಿದ್ದು 2009ರಲ್ಲಿ. ನಮ್ಮಪ್ಪ ದಾವಣಗೆರೆಯ ಮಿಲ್ಲಿನಲ್ಲಿ ದುಡಿದವರು. ವೀಸಾ ಭಯದಲ್ಲಿ ಹನ್ನೊಂದು ವರ್ಷ ಬಾಡಿಗೆ ಮನೆಯಲ್ಲಿ ಕಳೆದು, ಒಂದೊಂದು ಡಾಲರ್ ಕೂಡಿಟ್ಟು ಮನೆ ಕೊಂಡೆ. 1930ರಲ್ಲಿ ಯಾರೋ ಮಾಡಿದ ತಪ್ಪಿಗೆ ನಾನ್ಯಾಕೆ ದುಡ್ಡು ಕೊಡಬೇಕು? ಬಡವರಿಗೆ ಸಹಾಯ ಮಾಡಲಿ, ಖಂಡಿತ ಕೊಡ್ತೀನಿ. ಬಣ್ಣ ಯಾಕೆ ನೋಡಬೇಕು?

ಕೊಡಗಿನ_ಕಾಫಿ (ಪೋರ್ಟ್‌ಲ್ಯಾಂಡ್)

ಬೆಣ್ಣೆನಗರಿ, ನಿಮ್ಮ ಕಷ್ಟ ನಿಜ. ಆದರೆ ಅದು ದಂಡ ಅಲ್ಲ, ನೋಂದಣಿ ಶುಲ್ಕ. ಆ ಷರತ್ತುಗಳನ್ನು ಮುದ್ರೆ ಒತ್ತಿ ಕಡತಕ್ಕೆ ಸೇರಿಸಿಕೊಂಡಿದ್ದೂ ಸರ್ಕಾರದ ನೋಂದಣಿ ಕಚೇರಿಯೇ. ಆಗಲೂ ಶುಲ್ಕ ಕಟ್ಟಿಸಿಕೊಂಡೇ ಮುದ್ರೆ ಒತ್ತಿರುತ್ತಾರೆ. ಯಾವ ಕಿಟಕಿಯಲ್ಲಿ ತಪ್ಪು ನಡೆಯಿತೋ ಅದೇ ಕಿಟಕಿಯಿಂದ ದುಡ್ಡು ಬರಲಿ ಅನ್ನುವುದರಲ್ಲಿ ನ್ಯಾಯ ಇದೆ ಅಂತ ನನ್ನ ನಂಬಿಕೆ.

ಹಳೇ_ಕಡತ (ಒಲಿಂಪಿಯಾ)

ಅದಕ್ಕೆ ಸೇರಿಸುತ್ತೇನೆ. "ಯಾರೋ ಮಾಡಿದ ತಪ್ಪು" ಅನ್ನುವಾಗ ನಮ್ಮವರ ಕತೆಯೂ ನೆನಪಿರಲಿ. 1907ರ ಸೆಪ್ಟೆಂಬರ್‌ನಲ್ಲಿ ಇದೇ ರಾಜ್ಯದ ಬೆಲಿಂಗ್‌ಹ್ಯಾಂನಲ್ಲಿ ಮರದ ಮಿಲ್ಲುಗಳಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯರನ್ನು, ಹೆಚ್ಚಿನವರು ಪಂಜಾಬಿನ ಸಿಖ್ಖರು, ಗುಂಪು ಕಟ್ಟಿ ಹೊಡೆದು ಊರು ಬಿಡಿಸಿದರು. 1921ರಲ್ಲಿ ವಾಷಿಂಗ್ಟನ್ ಒಂದು ಕಾಯ್ದೆ ತಂದಿತು: ಪೌರತ್ವ ಪಡೆಯಲು ಅರ್ಹತೆ ಇಲ್ಲದ ವಿದೇಶಿಯರು ಜಮೀನು ಹೊಂದುವಂತಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಪೌರರಾಗುವಂತಿಲ್ಲ ಅಂದಿತು. ಎರಡನ್ನೂ ಸೇರಿಸಿ ನೋಡಿ. ಆ ಜಮೀನು ಕಾಯ್ದೆಯನ್ನು ಈ ರಾಜ್ಯದ ಮತದಾರರು ರದ್ದು ಮಾಡಿದ್ದು 1966ರಲ್ಲಿ. ನಮಗೆ ಪೌರತ್ವದ ದಾರಿ ತೆರೆದಿದ್ದು 1946ರ ಲೂಸ್-ಸೆಲ್ಲರ್ ಕಾಯ್ದೆ. ದೊಡ್ಡ ಸಂಖ್ಯೆಯಲ್ಲಿ ನಾವು ಬಂದಿದ್ದು 1965ರ ವಲಸೆ ಕಾಯ್ದೆಯ ನಂತರ, ಅದೂ ಕಪ್ಪು ಜನರ ಹೋರಾಟದ ಗಾಳಿ ಬೀಸುತ್ತಿದ್ದ ಕಾಲದ ಕಾಯ್ದೆ. ಬಾಗಿಲು ತೆಗೆಸಿದವರು ಇನ್ನೂ ಹೊರಗೇ ನಿಂತಿದ್ದಾರೆ. 100 ಡಾಲರ್ ನನಗೆ ಜಾಸ್ತಿ ಅನ್ನಿಸಲಿಲ್ಲ.

ಬೆಣ್ಣೆನಗರಿ (ಬೆಲ್‌ವ್ಯೂ)

1907ರ ಗಲಾಟೆ ಗೊತ್ತಿರಲಿಲ್ಲ. ಓದುತ್ತೇನೆ. ಆದರೂ ನನ್ನ ಪ್ರಶ್ನೆ ಹಾಗೇ ಇದೆ: ಬಡತನ ನೋಡಿ ಕೊಟ್ಟರೆ ಆಗಲ್ವಾ?

ಮೆಣಸಿನ_ಬಳ್ಳಿ (ಶಿಕಾಗೊ)

ಬಡತನ ನೋಡಿ ಕೊಡುವ ಯೋಜನೆಗಳು ಬೇಕು, ಬೇಡ ಅಂದವರಾರು? ಆದರೆ ಇದು ಬಡತನದ ಪ್ರಶ್ನೆ ಮಾತ್ರ ಅಲ್ಲ. ಕೈಯಲ್ಲಿ ದುಡ್ಡಿದ್ದ, ನೌಕರಿ ಇದ್ದ, ಯುದ್ಧದಲ್ಲಿ ಹೋರಾಡಿ ಬಂದ ಕಪ್ಪು ಮನುಷ್ಯನಿಗೂ ಸಾಲ ಸಿಗಲಿಲ್ಲ. 1930ರ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ 200ಕ್ಕೂ ಹೆಚ್ಚು ಊರುಗಳ ನಕ್ಷೆ ಬರೆಸಿತು. ಒಳ್ಳೆಯ ಬಡಾವಣೆಗೆ ಹಸಿರು, ಆಮೇಲೆ ನೀಲಿ, ಹಳದಿ. ಕಪ್ಪು ಜನ ಇದ್ದ ಕಡೆ ಹೆಚ್ಚುಕಮ್ಮಿ ಎಲ್ಲ ಕೆಂಪು. ರೆಡ್‌ಲೈನಿಂಗ್ ಅನ್ನುವ ಹೆಸರಿನ ಹಿಂದಿರುವುದು ಆ ಕೆಂಪು. ಅಲ್ಲಿ ಬ್ಯಾಂಕು ಸಾಲ ಕೊಡಲಿಲ್ಲ. ಸಾಲ ಇಲ್ಲದೆ ರಿಪೇರಿ ಇಲ್ಲ, ರಿಪೇರಿ ಇಲ್ಲದೆ ಬೆಲೆ ಇಲ್ಲ, ಬೆಲೆ ಇಲ್ಲದೆ ಮಕ್ಕಳಿಗೆ ಬಿಟ್ಟುಹೋಗಲು ಏನೂ ಇಲ್ಲ.

ನಮ್ಮ ಊರಿನಲ್ಲಿ ಮಗಳ ಮದುವೆಗೆ, ಮಗನ ಓದಿಗೆ ಏನು ಅಡವಿಡುತ್ತೇವೆ? ಮನೆ, ಸೈಟು. ಇಲ್ಲೂ ಹಾಗೇ.

ಹಳೇ_ಕಡತ (ಒಲಿಂಪಿಯಾ)

ಚಿಕ್ಕ ತಿದ್ದುಪಡಿ, ಮೆಣಸಿನ_ಬಳ್ಳಿ. ನಕ್ಷೆಯನ್ನೇ ಮುಖ್ಯ ಅಪರಾಧಿ ಮಾಡಬೇಡಿ. ಆ ಸಂಸ್ಥೆ ಕಪ್ಪು ಜನರ ಮನೆಗಳಿಗೂ ಸಾಲ ಕೊಟ್ಟಿತ್ತು, ನಕ್ಷೆ ಬರೆಯುವ ಹೊತ್ತಿಗೆ ಅದರ ಹೆಚ್ಚಿನ ಸಾಲಗಳು ಮುಗಿದಿದ್ದವು ಅಂತ ಈಚಿನ ಸಂಶೋಧಕರು ತೋರಿಸಿದ್ದಾರೆ. ದೊಡ್ಡ ಹೊಡೆತ ಕೊಟ್ಟಿದ್ದು 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್. ಬ್ಯಾಂಕ್ ಸಾಲಕ್ಕೆ ವಿಮೆ ಕೊಡುತ್ತಿದ್ದವರು ಅವರು. ಅವರ ಕೈಪಿಡಿಯೇ ತುಂಗೆಯ_ದಡ ಅವರ ಪತ್ರದಲ್ಲಿರುವಂಥ ಷರತ್ತು ಹಾಕಿ ಅಂತ ಸಲಹೆ ಕೊಟ್ಟಿತ್ತು.

ಮೆಣಸಿನ_ಬಳ್ಳಿ (ಶಿಕಾಗೊ)

ಒಪ್ಪಿದೆ. ಸರ್ಕಾರವೇ ಮಾಡಿದ್ದು ಅನ್ನುವ ಮಾತು ಇದರಿಂದ ಇನ್ನೂ ಗಟ್ಟಿಯಾಯಿತು.

ಅರ್ಕಾವತಿ (ಬೆಂಗಳೂರು)

ನಾನು ಅಮೆರಿಕ ನೋಡಿಲ್ಲ. ಆದರೆ ಓದುತ್ತಾ ಸುಮ್ನೆ ಇರಲು ಆಗಲಿಲ್ಲ. 1994ರಲ್ಲಿ ನಮ್ಮಪ್ಪನಿಗೆ ಬೆಂಗಳೂರಿಗೆ ವರ್ಗವಾಯಿತು. ಬ್ಯಾಂಕ್ ನೌಕರಿ. ಮನೆ ಒಪ್ಪಿಗೆಯಾಗಿ ಅಡ್ವಾನ್ಸ್ ಕೊಟ್ಟಿದ್ದೂ ಆಯಿತು. ಮಾರನೇ ದಿನ ಮನೆಯವರು "ನಿಮ್ಮದು ಯಾವ ಜನ?" ಅಂತ ಕೇಳಿದರು. ಅಪ್ಪ ಸುಳ್ಳು ಹೇಳಲಿಲ್ಲ. ಸಂಜೆಗೆ ದುಡ್ಡು ವಾಪಸ್ ಬಂತು. ಅಲ್ಲಿ ಪತ್ರದಲ್ಲಿ ಬರೆದರು, ಇಲ್ಲಿ ಬಾಯಲ್ಲಿ ಹೇಳುತ್ತಾರೆ. ಬಾಯಿಮಾತಿಗೆ ನಕಲು ತೆಗೆಸಿಕೊಂಡು ನ್ಯಾಯ ಕೇಳಲು ಆಗುವುದಿಲ್ಲ.

ನಿಧಿಯ ವಿಷಯಕ್ಕೆ ನಮ್ಮ ಅನುಭವ ಹೇಳಬೇಕು. 2013ರಲ್ಲಿ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ ಉಪಯೋಜನೆ, ಬುಡಕಟ್ಟು ಉಪಯೋಜನೆ ಕಾಯ್ದೆ ಬಂತು. ಜನಸಂಖ್ಯೆಯ ಪಾಲಿನಷ್ಟು, ಅಂದರೆ 24.1 ಶೇಕಡಾ ಯೋಜನಾ ಹಣವನ್ನು ಎಸ್‌ಸಿ, ಎಸ್‌ಟಿ ಜನರಿಗಾಗಿ ಎತ್ತಿಡಬೇಕು. ಒಳ್ಳೆಯ ಕಾಯ್ದೆ. ಆದರೆ ಅದರೊಳಗೆ 7(ಡಿ) ಅಂತ ಒಂದು ಕಲಂ ಇತ್ತು. ಎಲ್ಲರಿಗೂ ಆಗುವ ದೊಡ್ಡ ಕಾಮಗಾರಿಯಲ್ಲಿ ಒಂದು ಪಾಲನ್ನು ಈ ಜನರಿಗೇ ಖರ್ಚು ಮಾಡಿದಂತೆ ಲೆಕ್ಕ ಹಿಡಿಯಬಹುದು ಅಂತ. ರಸ್ತೆ ಎಲ್ಲಿಗೋ ಹೋಯಿತು, ಲೆಕ್ಕ ಮಾತ್ರ ಕೇರಿಯ ಹೆಸರಲ್ಲಿ ಬಂತು. ದಲಿತ ಸಂಘಟನೆಗಳು ವರ್ಷಗಟ್ಟಲೆ ಕೂಗಿದ ಮೇಲೆ 2023ರಲ್ಲಿ ಆ ಕಲಂ ತೆಗೆದರು. ಗ್ಯಾರಂಟಿ ಯೋಜನೆಗಳಿಗೆ ಈ ಹಣ ಬಳಸಿದ್ದರ ಜಗಳ ಬೇರೆ ಇದೆ.

ಅದಕ್ಕೇ ನಾನು ಯಾವುದೇ ನಿಧಿ ಅಂದರೂ ಮೊದಲು ಕೇಳುವುದು: ಕೊನೆಗೆ ಯಾರ ಕೈಗೆ ಬಂತು?

ಮುಂಗಾರು_ಮೋಡ (ಡಲ್ಲಾಸ್)

ದಯವಿಟ್ಟು ಊರ ರಾಜಕೀಯ ಇಲ್ಲಿ ಬೇಡ. ವಿಷಯ ಅಮೆರಿಕದ ಮನೆಗಳದ್ದು.

ಕೊಡಗಿನ_ಕಾಫಿ (ಪೋರ್ಟ್‌ಲ್ಯಾಂಡ್)

ಅರ್ಕಾವತಿ ಅಕ್ಕ ಹೇಳಿದ್ದು ವಿಷಯವೇ. ಇಡೀ ಚರ್ಚೆಯಲ್ಲಿ ಅವರ ಪ್ರಶ್ನೆಯೇ ಸರಿಯಾದದ್ದು. ಇಲ್ಲೂ ಅದೇ ಆಗಿದೆ ನೋಡಿ. 1977ರ ಕಮ್ಯುನಿಟಿ ರಿಇನ್ವೆಸ್ಟ್‌ಮೆಂಟ್ ಕಾಯ್ದೆ ಬ್ಯಾಂಕುಗಳಿಗೆ ಬಡ ಬಡಾವಣೆಗಳಲ್ಲೂ ಸಾಲ ಕೊಡಿ ಅನ್ನುತ್ತದೆ. ಆದರೆ ಅಂಥ ಬಡಾವಣೆಗೆ ಹೊಸದಾಗಿ ಬಂದ ಸಿರಿವಂತನಿಗೆ ಕೊಟ್ಟ ಸಾಲವೂ ಬ್ಯಾಂಕಿನ ಲೆಕ್ಕಕ್ಕೆ ಸೇರುತ್ತಾ ಬಂದಿದೆ. 2017ರ ತೆರಿಗೆ ಕಾಯ್ದೆಯಲ್ಲಿ ಬಂದ ಆಪರ್ಚ್ಯುನಿಟಿ ಜೋನ್ ಇನ್ನೊಂದು. ಬಡ ಜಾಗದಲ್ಲಿ ಬಂಡವಾಳ ಹಾಕಿದರೆ ತೆರಿಗೆ ರಿಯಾಯಿತಿ. ಎಷ್ಟೋ ಕಡೆ ಎದ್ದು ನಿಂತಿದ್ದು ದುಬಾರಿ ಅಪಾರ್ಟ್‌ಮೆಂಟು. ಹಣ ಜಾಗಕ್ಕೆ ಬಂತು, ಜನಕ್ಕೆ ಬರಲಿಲ್ಲ.

ಮಲ್ಲಿಗೆ_ಮೊಗ್ಗು (ಸಿಯಾಟಲ್)

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಾವು 2016ರಲ್ಲಿ ಸೆಂಟ್ರಲ್ ಡಿಸ್ಟ್ರಿಕ್ಟ್‌ನಲ್ಲಿ ಒಂದು ಟೌನ್‌ಹೌಸ್ ಕೊಂಡೆವು. ಆಫೀಸಿಗೆ ಹತ್ತಿರ ಅಂತ. ಆ ಜಾಗದ ಕತೆ ಆಮೇಲೆ ತಿಳಿಯಿತು. ಸಿಯಾಟಲ್‌ನ ಬೇರೆ ಬಡಾವಣೆಗಳು ಷರತ್ತು ಹಾಕಿ ಬಾಗಿಲು ಮುಚ್ಚಿದಾಗ ಕಪ್ಪು ಜನರಿಗೆ ಉಳಿದಿದ್ದು ಇದೊಂದೇ ಮೂಲೆ. 1936ರ ನಕ್ಷೆಯಲ್ಲಿ ಇದು ಕೆಂಪು. 1964ರಲ್ಲಿ ಮನೆ ಕೊಡುವಾಗ ಭೇದ ಮಾಡಬಾರದು ಅನ್ನುವ ಕಾನೂನನ್ನು ಮತಕ್ಕೆ ಹಾಕಿದಾಗ ಸಿಯಾಟಲ್ ಜನ ಎರಡು ಪಟ್ಟಿಗೂ ಜಾಸ್ತಿ ಮತದಿಂದ ಸೋಲಿಸಿದರು! ಕೊನೆಗೆ ನಗರಸಭೆ ಅದನ್ನು ಪಾಸು ಮಾಡಿದ್ದು 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಕೆಲವೇ ದಿನಕ್ಕೆ. 1970ರಲ್ಲಿ ಇಲ್ಲಿನ ಹತ್ತು ಜನರಲ್ಲಿ ಏಳು ಜನ ಕಪ್ಪು ಜನ. ಈಗ ಹತ್ತರಲ್ಲಿ ಇಬ್ಬರೂ ಇಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ಗಂಡ ಬಂದರಿನಲ್ಲಿ ಕೆಲಸ ಮಾಡಿ ಆ ಮನೆ ಕೊಂಡಿದ್ದಂತೆ. ನನ್ನ ಬಾಣಂತನದಲ್ಲಿ ದಿನಾ ಬಂದು ಮಗು ಎತ್ತಿಕೊಳ್ಳುತ್ತಿದ್ದರು. ಬಡಾವಣೆ ಬೆಲೆ ಏರಿದ ಹಾಗೆ ಆಸ್ತಿ ತೆರಿಗೆ ಏರಿತು. ಬಾಗಿಲಿಗೆ ವಾರವಾರವೂ "ಮನೆ ಮಾರುತ್ತೀರಾ" ಅನ್ನುವ ಚೀಟಿ. ಕೊನೆಗೆ ಮಾರಿ ದಕ್ಷಿಣಕ್ಕೆ, ಕೆಂಟ್ ಕಡೆ ಹೋದರು. ಅವರ ಚರ್ಚು, ಡಾಕ್ಟರು, ಗೆಳತಿಯರು ಎಲ್ಲ ಇಲ್ಲೇ. ಭಾನುವಾರ ಎರಡು ಬಸ್ ಬದಲಿಸಿ ಬರುತ್ತಿದ್ದರು. ಈಗ ಬರುತ್ತಿಲ್ಲ.

ಈ ಬಡಾವಣೆಗೆ ಒಂದು ಕೋಟಿ ಡಾಲರ್ ಸುರಿದರೂ ಅದು ಬರುವುದು ನನಗೆ. ನನ್ನ ಮನೆಯ ಬೆಲೆ ಏರುತ್ತದೆ. ಅವರಿಗೆ ಏನು?

ಜೋಳದ_ರೊಟ್ಟಿ (ಶೋರ್‌ಲೈನ್)

ಮಲ್ಲಿಗೆ, ಕಣ್ಣು ತುಂಬಿ ಬಂತು. ಬರೆದಿದ್ದಕ್ಕೆ ಥ್ಯಾಂಕ್ಸ್.

ಹೇಮಾವತಿ_ನೀರು (ಸೇಂಟ್ ಪಾಲ್)

ನಮ್ಮಲ್ಲಿ ಹೆದ್ದಾರಿಯೇ ಬಡಾವಣೆಯನ್ನು ಸೀಳಿತು. ನಾನು ದಿನಾ ಕೆಲಸಕ್ಕೆ ಹೋಗುವ ಐ-94 ರಸ್ತೆ ಇರುವುದು ರೊಂಡೊ ಅನ್ನುವ ಕಪ್ಪು ಜನರ ಬಡಾವಣೆಯ ಎದೆಯ ಮೇಲೆ. 1956ರಿಂದ 1968ರವರೆಗೆ 600ಕ್ಕೂ ಹೆಚ್ಚು ಕುಟುಂಬಗಳು ಮನೆ ಕಳೆದುಕೊಂಡವು. ಅಂಗಡಿ, ಕ್ಲಬ್ಬು ಎಲ್ಲ ಹೋಯಿತು. ಈಗ ರಸ್ತೆಯ ಮೇಲೆ ಭೂಸೇತುವೆ ಹಾಸಿ ಎರಡು ದಡ ಕೂಡಿಸಬೇಕು ಅಂತ ಅಲ್ಲಿಯವರು ಕೇಳುತ್ತಿದ್ದಾರೆ. ಫೆಡರಲ್ ಸರ್ಕಾರ 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ಇಂಥದ್ದಕ್ಕೇ 100 ಕೋಟಿ ಡಾಲರ್ ಇಟ್ಟಿತ್ತು. ದೇಶದ ಎಷ್ಟೋ ಊರು ಹೀಗೆ ಸೀಳಿದೆ, ಅದಕ್ಕೆ ಅದು ಎಲ್ಲಿ ಸಾಕು?

ಆದರೆ ಮಲ್ಲಿಗೆ ಅವರ ಪ್ರಶ್ನೆಗೆ ಸೇಂಟ್ ಪಾಲ್‌ನ ಇನ್ನೊಂದು ಯೋಜನೆ ಹತ್ತಿರ ಬರುತ್ತದೆ. 2023ರಲ್ಲಿ ಇನ್ಹೆರಿಟೆನ್ಸ್ ಫಂಡ್ ಅಂತ ಶುರು ಮಾಡಿದರು. ರೊಂಡೊದಲ್ಲಿ ಮನೆ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು ಮನೆ ಕೊಳ್ಳಲು ಸಹಾಯ. ಹಣ ಜಾಗಕ್ಕಲ್ಲ, ವಂಶಕ್ಕೆ.

ಮೆಣಸಿನ_ಬಳ್ಳಿ (ಶಿಕಾಗೊ)

ಇಲ್ಲಿ ಪಕ್ಕದ ಇವಾನ್‌ಸ್ಟನ್ ಅದಕ್ಕೂ ಮುಂಚೆ ಮಾಡಿತು. ಗಾಂಜಾ ಮಾರಾಟದ ತೆರಿಗೆಯಿಂದ 1 ಕೋಟಿ ಡಾಲರ್ ಎತ್ತಿಡುತ್ತೇವೆ ಅಂತ 2019ರಲ್ಲಿ ನಿರ್ಧಾರ. 1919ರಿಂದ 1969ರ ನಡುವೆ ಅಲ್ಲಿ ಬದುಕಿದ್ದ ಕಪ್ಪು ಜನ ಅಥವಾ ಅವರ ನೇರ ವಾರಸುದಾರರಿಗೆ ತಲಾ 25 ಸಾವಿರ ಡಾಲರ್. ಮೊದಲು ಮನೆ ಕೊಳ್ಳಲು, ರಿಪೇರಿಗೆ, ಸಾಲ ತೀರಿಸಲು ಮಾತ್ರ ಅಂದರು. "ನಮ್ಮ ದುಡ್ಡನ್ನು ಹೇಗೆ ಖರ್ಚು ಮಾಡಬೇಕು ಅಂತ ಮತ್ತೆ ನೀವೇ ಹೇಳ್ತೀರಾ" ಅಂತ ಜನ ಕೇಳಿದರು. ಆ ಕೋಪ ನ್ಯಾಯವಾದದ್ದು. 2023ರಲ್ಲಿ ನಗದು ಪಡೆಯಲೂ ಅವಕಾಶ ಕೊಟ್ಟರು. ಮೊದಲ ಸುತ್ತಿನಲ್ಲಿ ಆರಿಸಿದ್ದು 16 ಜನರನ್ನು ಮಾತ್ರ. ಕಾಯುತ್ತಾ ಕಾಯುತ್ತಾ ತೀರಿಕೊಂಡ ಹಿರಿಯರೂ ಇದ್ದಾರೆ.

ಬೆಣ್ಣೆನಗರಿ (ಬೆಲ್‌ವ್ಯೂ)

ಇವಾನ್‌ಸ್ಟನ್ ಮೇಲೆ ಕೇಸ್ ಬಿದ್ದಿದೆ ಅಲ್ವಾ? 2024ರಲ್ಲಿ. ಸಂವಿಧಾನದ ಪ್ರಕಾರ ಸರ್ಕಾರ ಜನಾಂಗ ನೋಡಿ ಹಣ ಹಂಚುವಂತಿಲ್ಲ ಅನ್ನುವ ವಾದ. ಅದರಲ್ಲಿ ಹುರುಳಿದೆ ಅಂತ ನನಗೆ ಈಗಲೂ ಅನ್ನಿಸುತ್ತದೆ. ಕೋರ್ಟಲ್ಲಿ ಬಿದ್ದುಹೋದರೆ ಆ ಹಿರಿಯರಿಗೆ ಏನೂ ಸಿಗದ ಹಾಗೆ ಆಗುತ್ತದೆ.

ಹಳೇ_ಕಡತ (ಒಲಿಂಪಿಯಾ)

ಕೇಸ್ ಬಿದ್ದಿರುವುದು ನಿಜ, ನಿಮ್ಮ ಆತಂಕವೂ ಸುಳ್ಳಲ್ಲ. ಬೈಡನ್ ಸರ್ಕಾರದ ಜಸ್ಟಿಸ್40, ಅಂದರೆ ಹವಾಮಾನದ ಕೆಲವು ಹೂಡಿಕೆಗಳ ಲಾಭದಲ್ಲಿ 40 ಶೇಕಡಾ ಹಿಂದುಳಿದ ಬಡಾವಣೆಗಳಿಗೆ ಅನ್ನುವ ಗುರಿ, ಆ ಭಯಕ್ಕೇ ಜನಾಂಗವನ್ನು ಅಳತೆಗೋಲಿನಿಂದ ಹೊರಗಿಟ್ಟಿತ್ತು. ಆದಾಯ, ಕಾಯಿಲೆ, ಮಾಲಿನ್ಯ, ಹಳೆಯ ರೆಡ್‌ಲೈನಿಂಗ್, ಇವನ್ನು ನೋಡಿತು. ಅಷ್ಟು ಎಚ್ಚರ ವಹಿಸಿದರೂ 2025ರ ಜನವರಿಯಲ್ಲಿ ಹೊಸ ಸರ್ಕಾರ ಅದನ್ನು ರದ್ದು ಮಾಡಿತು. ಎಚ್ಚರಿಕೆಯಿಂದ ಮಾಡಿದ್ದೂ ಉಳಿಯಲಿಲ್ಲ. ಹಾಗಾದರೆ ಸರಿಯಾಗಿಯೇ ಮಾಡಿ ನ್ಯಾಯಾಲಯದಲ್ಲಿ ವಾದಿಸುವುದು ಮೇಲು ಅಂತ ನನ್ನ ಅಭಿಪ್ರಾಯ. ವಾಷಿಂಗ್ಟನ್ ಅದಕ್ಕೇ ಮೊದಲು ಅಧ್ಯಯನ ಮಾಡಿಸಿ, ರಾಜ್ಯದ ಪಾಲು ಏನು, ಯಾರಿಗೆ ಇಂದಿಗೂ ನಷ್ಟ ಉಳಿದಿದೆ ಅಂತ ದಾಖಲೆ ಮಾಡಿಕೊಂಡು ಮುಂದೆ ಹೋಯಿತು.

ಮುಂಗಾರು_ಮೋಡ (ಡಲ್ಲಾಸ್)

ಅಂದರೆ ಬಡಾವಣೆಗೆ ದುಡ್ಡು ಹಾಕುವುದೇ ತಪ್ಪು ಅಂತಲಾ? ಮರ, ಚರಂಡಿ, ಪಾರ್ಕು ಬೇಡವಾ?

ಕೊಡಗಿನ_ಕಾಫಿ (ಪೋರ್ಟ್‌ಲ್ಯಾಂಡ್)

ಬೇಕೇ ಬೇಕು. 2021ರ ಜೂನ್ ಬಿಸಿಲು ನೆನಪಿದೆಯಾ? ನಮ್ಮಲ್ಲಿ 46 ಡಿಗ್ರಿ ದಾಟಿತು. ಏಸಿ ಇಲ್ಲದ ಮನೆಗಳಲ್ಲಿ ಒಂಟಿ ವೃದ್ಧರು ಸತ್ತರು. ಅದಕ್ಕೆ ಒಂದು ವರ್ಷ ಮುಂಚೆ ಬಂದ ಒಂದು ಅಧ್ಯಯನ 108 ಊರುಗಳನ್ನು ಅಳೆದು, ಹಳೆಯ ನಕ್ಷೆಯ ಕೆಂಪು ಬಡಾವಣೆಗಳು ಸರಾಸರಿ 2.6 ಡಿಗ್ರಿ ಜಾಸ್ತಿ ಬಿಸಿ ಅಂತ ತೋರಿಸಿತ್ತು. ಪೋರ್ಟ್‌ಲ್ಯಾಂಡ್‌ನಲ್ಲಿ ಆ ಅಂತರ ಇನ್ನೂ ದೊಡ್ಡದು. ಮರ ನೆಡದೆ ಬಿಟ್ಟಿದ್ದಕ್ಕೆ ತೊಂಬತ್ತು ವರ್ಷದ ನಂತರ ಜೀವ ಹೋಗುತ್ತಿದೆ. ಮರ ಇವತ್ತೇ ನೆಡಿ. ಆದರೆ ನೆರಳು ಬರುವ ಹೊತ್ತಿಗೆ ಅದೇ ಜನ ಅಲ್ಲಿ ಇರಬೇಕು, ಅದನ್ನೂ ಅದೇ ದಿನ ಗಟ್ಟಿ ಮಾಡಿ.

ಇಲ್ಲಿನ ಆಲ್ಬೈನಾ ಬಡಾವಣೆಯಲ್ಲಿ ಕ್ರೀಡಾಂಗಣಕ್ಕೆ, ಹೆದ್ದಾರಿಗೆ, ಆಸ್ಪತ್ರೆ ವಿಸ್ತರಣೆಗೆ ಅಂತ ಕಪ್ಪು ಜನರ ಮನೆ ಕೆಡವಿದರು. ಈಗ ನಗರ ಕಟ್ಟಿಸುವ ಕಡಿಮೆ ಬಾಡಿಗೆಯ ಮನೆಗಳಲ್ಲಿ, ಹಾಗೆ ಒಕ್ಕಲೆದ್ದವರಿಗೂ ಅವರ ವಂಶದವರಿಗೂ ಮೊದಲ ಸಾಲು. ಹೆಸರಿಗೆ ಮೊದಲ ಸಾಲು, ಮನೆಗಳ ಸಂಖ್ಯೆ ಮಾತ್ರ ತೀರಾ ಕಡಿಮೆ.

ಮಲ್ಲಿಗೆ_ಮೊಗ್ಗು (ಸಿಯಾಟಲ್)

ನಮ್ಮ ಬಡಾವಣೆಯಲ್ಲೂ ಒಂದು ಒಳ್ಳೆಯ ಉದಾಹರಣೆ ಇದೆ. ಲಿಬರ್ಟಿ ಬ್ಯಾಂಕ್. ಬೇರೆ ಬ್ಯಾಂಕು ಸಾಲ ಕೊಡದ ಕಾಲದಲ್ಲಿ, 1968ರಲ್ಲಿ, ಕಪ್ಪು ಜನ ಮುಂದೆ ನಿಂತು ಕಟ್ಟಿದ್ದು. ಬ್ಯಾಂಕು 1988ರಲ್ಲಿ ಮುಚ್ಚಿತು. ಅದೇ ಜಾಗದಲ್ಲಿ 2019ರಲ್ಲಿ 115 ಮನೆಗಳ ಕಟ್ಟಡ ಎದ್ದಿತು, ಕಡಿಮೆ ಬಾಡಿಗೆಗೆ. ಈ ಬಡಾವಣೆಯ ಹಳಬರನ್ನು ಹುಡುಕಿ ಹುಡುಕಿ ಅರ್ಜಿ ಹಾಕಿಸಿದರು. ಕೆಳಗಿನ ಅಂಗಡಿಗಳು ಕಪ್ಪು ವ್ಯಾಪಾರಿಗಳದ್ದು. ಆಫ್ರಿಕಾಟೌನ್ ಅನ್ನುವ ಲ್ಯಾಂಡ್ ಟ್ರಸ್ಟ್ ಅದರಲ್ಲಿ ಸೇರಿದೆ. ಲ್ಯಾಂಡ್ ಟ್ರಸ್ಟ್ ಅಂದರೆ ಭೂಮಿ ಸಮುದಾಯದ ಹೆಸರಲ್ಲೇ ಉಳಿಯುತ್ತದೆ. ಬೆಲೆ ಎಷ್ಟೇ ಏರಲಿ, ಯಾರೂ ಮಾರಿ ಹೋಗಲು ಆಗುವುದಿಲ್ಲ.

ಅರ್ಕಾವತಿ (ಬೆಂಗಳೂರು)

ಭೂಮಿ ಕೈಯಲ್ಲಿ ಇರಬೇಕು. ನಮ್ಮಜ್ಜಿ ಸಾಯುವವರೆಗೂ ಇದೊಂದೇ ಮಾತು ಹೇಳುತ್ತಿದ್ದರು.

ಬೆಣ್ಣೆನಗರಿ (ಬೆಲ್‌ವ್ಯೂ)

ಲ್ಯಾಂಡ್ ಟ್ರಸ್ಟ್‌ಗೆ ಆದರೆ ನನ್ನ ಪೂರ್ತಿ ಒಪ್ಪಿಗೆ ಇದೆ. 100 ಅಲ್ಲ, 200 ಕೇಳಿದರೂ ಕೊಡುತ್ತೇನೆ. ಜನಾಂಗದ ಪ್ರಶ್ನೆಯಲ್ಲಿ ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಮಲ್ಲಿಗೆ ಅವರು ಹೇಳಿದ ಅಜ್ಜಿ ತಲೆಯಿಂದ ಹೋಗುತ್ತಿಲ್ಲ. ಮಲ್ಲಿಗೆ ಮೇಡಂ, ಆ ಅಜ್ಜಿಯ ಮಕ್ಕಳು ಮೊಮ್ಮಕ್ಕಳು ಈ ರಾಜ್ಯದಲ್ಲೇ ಇದ್ದಾರಾ? ಅವರಿಗೆ ಈ ಸಾಲದ ವಿಷಯ ಗೊತ್ತಾ?

ಮಲ್ಲಿಗೆ_ಮೊಗ್ಗು (ಸಿಯಾಟಲ್)

ಮೊಮ್ಮಗಳು ಟಕೋಮಾದಲ್ಲಿ ಬಾಡಿಗೆ ಮನೆಯಲ್ಲಿದ್ದಾಳೆ, ನರ್ಸ್. ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಇವತ್ತೇ ಫೋನ್ ಮಾಡುತ್ತೇನೆ. ಹಳೇ_ಕಡತ ಸರ್, 1968ಕ್ಕೆ ಮುಂಚೆ ಇದ್ದರು ಅನ್ನಲು ಏನು ದಾಖಲೆ ತೋರಿಸಬೇಕು?

ಹಳೇ_ಕಡತ (ಒಲಿಂಪಿಯಾ)

ಅಜ್ಜಿಯ ಹಳೆಯ ಮನೆಪತ್ರ ಇದ್ದರೆ ತೆಗೆದಿಡಲಿ. ಮದುವೆ ಪತ್ರ, ಶಾಲೆಯ ದಾಖಲೆ, ಮಕ್ಕಳ ಜನನ ಪತ್ರ, ಸಿಕ್ಕಿದ್ದೆಲ್ಲ ಒಟ್ಟು ಮಾಡಲಿ. ವಂಶ ತೋರಿಸಲು ಜನನ ಪತ್ರಗಳ ಸರಪಳಿ ಬೇಕಾಗುತ್ತದೆ. ಈ ಯೋಜನೆಯ ತರಬೇತಿ ಪಡೆದ, ಸಾಲ ಕೊಡುವ ಸಂಸ್ಥೆಗಳ ಪಟ್ಟಿ ರಾಜ್ಯದ ಹೌಸಿಂಗ್ ಫೈನಾನ್ಸ್ ಕಮಿಷನ್‌ನಲ್ಲಿ ಸಿಗುತ್ತದೆ, ಅಲ್ಲಿಂದಲೇ ಶುರು ಮಾಡಲಿ.

ತುಂಗೆಯ_ದಡ (ಸಿಯಾಟಲ್)

ಎಲ್ಲರ ಉತ್ತರವನ್ನೂ ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಅತ್ತೆ ಮಾವನೂ ಕೇಳಿದರು. ಷರತ್ತು ತೆಗೆಸುವ ವಿಷಯ ಮಾತ್ರ ಯಾರೂ ಹೇಳಲಿಲ್ಲ. ಹೆಂಡತಿಗೆ ಅದನ್ನು ಹರಿದು ಹಾಕಬೇಕು ಅಂತಿದೆ. ನನಗೆ ಮಕ್ಕಳು ಮುಂದೆ ಓದಲಿ, ಇರಲಿ ಅಂತಿದೆ.

ಹಳೇ_ಕಡತ (ಒಲಿಂಪಿಯಾ)

ಮರೆತೇಬಿಟ್ಟಿದ್ದೆ, ಕ್ಷಮಿಸಿ. ಇಬ್ಬರ ಆಸೆಯೂ ನಡೆಯುತ್ತದೆ. ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ಷರತ್ತು ತಿದ್ದುಪಡಿಯ ಫಾರ್ಮ್ ಸಿಗುತ್ತದೆ. ತುಂಬಿ ಕೊಟ್ಟರೆ ಆ ಸಾಲುಗಳು ರದ್ದು ಅಂತ ದಾಖಲಾಗುತ್ತದೆ. ಹಳೆಯ ಹಾಳೆ ಇತಿಹಾಸದ ಕಡತದಲ್ಲಿ ಹಾಗೇ ಉಳಿಯುತ್ತದೆ. ಇದಕ್ಕೆ ಶುಲ್ಕ ಇಲ್ಲ.

ಜೋಳದ_ರೊಟ್ಟಿ (ಶೋರ್‌ಲೈನ್)

ನಾವೂ ಬರುತ್ತೇವೆ. ಸೋಮವಾರ ಬೆಳಿಗ್ಗೆ ಆಗುತ್ತಾ?